ಎಲ್ಲರ ವಿವರದಲ್ಲೂ ಚುಕ್ಕೆ

ಸರಸ್ವತಿಪುರಂನಲ್ಲಿ ನಾನು ವಧು-ವರರ ಮಾಹಿತಿ ಕೇಂದ್ರ ನಡೆಸುತ್ತಿದ್ದೆ. ಮಂಜುಳಮ್ಮನ ಬಾಯಿ ಜೋರು ಎಂದು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಬಾಯಿಲ್ಲದವರಿಗೆ ಮದುವೆ ಮಾಡಿಸಲು ಆಗುತ್ತದೆಯೇ? 2006ರಲ್ಲಿ ಕಂಪ್ಯೂಟರ್ ಕೊಂಡು ಲಾಸ್ಯಳನ್ನು ಕೆಲಸಕ್ಕೆ ಇಟ್ಟುಕೊಂಡೆ. ಕೆಸರೆಯ ಹುಡುಗಿ, ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕಲಿತವಳು. ಮಗಳಿಲ್ಲದ ನನಗೆ ಅವಳೆಂದರೆ ಪ್ರಾಣ. ದಿನವಿಡೀ ಬೈಯುವುದೂ ಅವಳನ್ನೇ.

ಅವಳಿಗೂ ಗಂಡು ಹುಡುಕುತ್ತಿದ್ದೆ. ನಾಲ್ಕು ವರ್ಷದ ಹಿಂದೆ ನಿಶ್ಚಿತಾರ್ಥವಾಗಿದ್ದ ಹುಡುಗ ಮದುವೆಗೆ ಮುಂಚೆಯೇ ಬೈಕ್ ಅಪಘಾತದಲ್ಲಿ ತೀರಿಹೋಗಿದ್ದ. ಅವಳ ವಿವರದಲ್ಲಿ ‘ಹಿಂದಿನ ಸಂಬಂಧ’ ಎಂಬ ಕಡೆ ಅದನ್ನು ಓದಿದವರು, ಕಾಲ್ಗುಣ ಸರಿಯಿಲ್ಲವೆಂದು ಅವಳ ಮುಖವನ್ನೂ ನೋಡದೆ ಎದ್ದುಹೋಗುತ್ತಿದ್ದರು.

“ಆಂಟಿ, ಆ ಸಾಲನ್ನ ಮುಚ್ಬುಡ್ತೀನಿ,” ಎಂದಳು ಒಂದು ದಿನ.

“ಮುಚ್ಚಿಟ್ಟು ಮದುವೆ ಮಾಡಿಸೋ ಪೈಕಿ ಅಲ್ಲ ಕಣೇ ನಾನು.”

“ಮುಚ್ಚಿಡಲ್ಲ, ನಾನೇ ಹೇಳ್ತೀನಿ. ನನಗಿಂತ ಮುಂಚೆ ಕಂಪ್ಯೂಟರ್ ಹೇಳೋದು ಬೇಡ, ಅಷ್ಟೆ.”

“ಹಾಗಾದ್ರೆ ನಿನಗೊಬ್ಬಳಿಗೇ ಅಲ್ಲ, ಎಲ್ಲರಿಗೂ ಮುಚ್ಚು,” ಎಂದೆ.

ನಮ್ಮಲ್ಲಿ ಎಲ್ಲರ ವಿವರವೂ ಎಕ್ಸ್‌ಎಂಎಲ್ ಎಂಬ ಬಗೆಯಲ್ಲಿತ್ತು. ಅಡುಗೆಮನೆಯ ಡಬ್ಬಗಳಿಗೆ ಚೀಟಿ ಅಂಟಿಸಿದ ಹಾಗೆ ಹೆಸರಿಗೊಂದು, ಫೋನಿಗೊಂದು, ಹಿಂದಿನ ಸಂಬಂಧಕ್ಕೊಂದು ಟ್ಯಾಗ್. ಯಾರಾದರೂ ಹುಡುಕಿದಾಗ ಈ ಮೂರರ ಒಳಗಿನದು ಚುಕ್ಕೆಗಳಾಗಿ ಕಾಣಬೇಕೆಂದು ಅವಳು ನಿಯಮ ಬರೆದಳು. ಮಾಹಿತಿ ಒಳಗೆ ಹಾಗೇ ಇರುತ್ತದೆ, ತೆರೆಯ ಮೇಲೆ ಬರುವಾಗ ಮಾತ್ರ ಮುಸುಕು.

ಮೊದಲ ವಾರವೇ ಎಡವಟ್ಟಾಯಿತು. ಹಿಂದಿನ ಸಂಬಂಧವೇ ಇಲ್ಲದವರ ಟ್ಯಾಗ್ ಖಾಲಿ, ಹಾಗಾಗಿ ಅಲ್ಲಿ ಚುಕ್ಕೆಯೂ ಇಲ್ಲ. ಇದ್ದವರಿಗೆ ಮಾತ್ರ ಚುಕ್ಕೆ. ನಮ್ಮ ಜನರ ಬಗ್ಗೆ ಕೇಳಬೇಕೆ? ಓದಿದ್ದರೆ ಒಂದು ಕಾರಣಕ್ಕೆ ಬಿಡುತ್ತಿದ್ದರು, ಈಗ ಹತ್ತು ಕಾರಣ ಕಲ್ಪಿಸಿಕೊಂಡು ಬಿಟ್ಟರು. “ನಿನ್ನ ಚುಕ್ಕೆಗೆ ಬೆಂಕಿ ಬೀಳ,” ಎಂದು ಬೈದೆ. ಲಾಸ್ಯ ನಕ್ಕು, ಖಾಲಿ ಇದ್ದರೂ ಚುಕ್ಕೆ ಬರಲಿ ಎಂದು ನಿಯಮ ತಿದ್ದಿದಳು. ಆಮೇಲೆ ನಮ್ಮ ವಧು-ವರರೆಲ್ಲ ಒಂದೇ ಸಮ ಆದರು.

ಆಗ ಹೂಟಗಳ್ಳಿಯಿಂದ ಪ್ರೇಮಲೀಲಾ ಎಂಬುವರು ಬಂದರು, ಕಾರ್ಖಾನೆಯಲ್ಲಿದ್ದ ಮಗ ಅಮರೇಶನಿಗೆ ಹೆಣ್ಣು ಹುಡುಕಿಕೊಂಡು. ಒಂದು ವಿವರ ಮೆಚ್ಚಿ ಮತ್ತೆ ಓದಿಸಿದರು. ಅದು ಲಾಸ್ಯಳದ್ದೇ. ಹೆಸರಿಗೆ ಮುಸುಕಿತ್ತು, ಫೋಟೊ ಇನ್ನೂ ತೋರಿಸಿರಲಿಲ್ಲ, ಅವರಿಗೆ ತಿಳಿಯುವುದು ಹೇಗೆ?

“ಈ ಹಿಂದಿನ ಸಂಬಂಧದ ಚುಕ್ಕೆ ಕೆಳಗೆ ಏನದೆ ಮಗಾ? ನಿನಗೆ ಗೊತ್ತಿರ್ತದಲ್ಲ, ಒಂದ್ಸಲ ತೆಗೆದು ತೋರ್ಸು,” ಎಂದು ಲಾಸ್ಯಳನ್ನೇ ಕೇಳಿದರು.

ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಸಿದ್ಧಳಾದೆ. ಅಷ್ಟರಲ್ಲಿ ಲಾಸ್ಯ ಅವರ ಕಡೆ ತಿರುಗಿ ಕೂತಳು.

“ಅದು ನಂದೇ ಅಮ್ಮ. ನಿಶ್ಚಿತಾರ್ಥ ಆಗಿತ್ತು. ಮದುವೆಗೆ ಮುಂಚೆ ಹುಡುಗ ಆಕ್ಸಿಡೆಂಟಲ್ಲಿ ಹೋಗ್ಬುಟ್ರು.”

ಪ್ರೇಮಲೀಲಾ ಅವಳ ಮುಖವನ್ನೇ ನೋಡಿದರು. ಆಮೇಲೆ ಚೀಲ ಕೈಗೆತ್ತಿಕೊಂಡರು. ಇವರೂ ಹೊರಟರಲ್ಲ ಎಂದುಕೊಂಡೆ. ಅವರು ಚೀಲವನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

“ಆ ಹುಡುಗನ ಹೆಸರೇನು ಮಗಾ?”

ಬಂದವರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

“ಚಂದ್ರಮೌಳಿ,” ಎಂದಳು ನನ್ನ ಹುಡುಗಿ. ಆ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನಗೇ ಅಳು ಬಂತು.

ಪ್ರೇಮಲೀಲಾ ಅವಳ ಕೈ ಹಿಡಿದುಕೊಂಡರು. “ಭಾನುವಾರ ಅಮರೇಶನ್ನ ಕರ್ಕೊಂಡ್ಬರ್ತೀನಿ. ಅವನಿಗೂ ನೀನೇ ಹೇಳವ್ವ.”