ಸರಿದ ಕಂಬಳಿ

ಕೊಯ್ಲಿನ ಕಾಲ. ಬೆಳಗಿನಿಂದಲೇ ಗದ್ದೆಯಂಚಿನಲ್ಲಿ ಒಕ್ಕುವ ಯಂತ್ರ ಗರಗರ ಸದ್ದು ಮಾಡುತ್ತಿತ್ತು. ಹೊಟ್ಟಿನ ಧೂಳು ಗಿರಣಿಯ ಅಟ್ಟದ ಕಿಟಕಿಯವರೆಗೂ ಏರಿ ಬರುತ್ತಿತ್ತು. ನರ್ಸಮ್ಮ ಚಾಪೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಹಾಸಿ, ಒಂದೊಂದರ ಮೇಲೂ ಕಂಬಳಿ ಮಡಿಸಿಟ್ಟಳು. ಆಸ್ಪತ್ರೆಯ ಹಾಸಿಗೆಗಳನ್ನು ವರ್ಷಗಟ್ಟಲೆ ಹಾಸಿದ ಕೈ. ಒಂದು ಮೂಲೆಯೂ ಸೊಟ್ಟಗಿರಲಿಲ್ಲ.

ವಾಸಿಯಾದ ಮೇಲೂ ಮತ್ತೆ ಮತ್ತೆ ಮರಳುವ ಖಿನ್ನತೆಯವರನ್ನು ಗುಂಪಾಗಿ ಕೂರಿಸಿ, ಉಸಿರನ್ನೂ ಮೈಯನ್ನೂ ಗಮನಿಸುವುದನ್ನು ಕಲಿಸುವ ಚಿಕಿತ್ಸೆ ಅಲ್ಲಿ ನಡೆಯುತ್ತಿತ್ತು. ಅದನ್ನು ನಡೆಸುವವರನ್ನು ತಯಾರು ಮಾಡುತ್ತಿದ್ದವಳು ದಪ್ಪ ಕನ್ನಡಕದ ಹೆಂಗಸು. ಎಲ್ಲರ ಬಾಯಲ್ಲೂ ದೊಡ್ಡಕ್ಕ. ಅವಳ ಕೈಕೆಳಗೆ ಕಲಿಯುತ್ತಿದ್ದ ನರ್ಸಮ್ಮ ಇವತ್ತು ಗುಂಪನ್ನು ತಾನೇ ನಡೆಸಬೇಕಿತ್ತು. ಸರಿಬಂದರೆ ಗುಂಪು ಅವಳದಾಗುತ್ತಿತ್ತು.

“ಕೂತ ಜಾಗ ಬಿಡಬೇಡ,” ಎಂದಳು ದೊಡ್ಡಕ್ಕ. “ಕಣ್ಣು ಬಿಟ್ಕೊಂಡಿರು, ಬಾಯಿ ಮಾತಾಡ್ಲಿ, ಕೈ ಸುಮ್ನಿರ್ಲಿ. ವಾರ್ಡ್ ಸುತ್ತಿದ ಕಾಲು ನಿಂದು. ಅದಕ್ಕೆ ಇಲ್ಲಿ ರಜೆ.”

“ಹಗ್ಗದಲ್ಲಿ ಕಟ್ಟಿ ಹಾಕ್ತೀನಿ ಬಿಡಿ.”

ಜನ ಬಂದರು. ಕಮ್ಮಾರ ಕೊನೆಯಲ್ಲಿ ಬಂದ, ಮುಂಗೈಯ ಮಸಿ ತೊಳೆದಿರಲಿಲ್ಲ. “ಊರೆಲ್ಲ ಕುಡುಗೋಲು ಹಿಡ್ಕೊಂಡು ನನ್ನ ಬಾಗಿಲಲ್ಲಿ ನಿಂತಿದೆ. ನಾನು ಇಲ್ಲಿ ಮಲಗೋಕೆ ಬಂದಿದೀನಿ,” ಎಂದ.

“ಮಲಗಪ್ಪ,” ಎಂದ ಬಸ್ಸಿನ ಡ್ರೈವರ್. “ನಿನ್ನ ಗೊರಕೆ ಇದ್ರೆ ಕೆಳಗೆ ಗಿರಣಿ ಓಡಿಸೋದೇ ಬೇಡ.”

ಎಲ್ಲರೂ ನಕ್ಕರು. ಮಲಗಿದರು. ಕಣ್ಣು ಮುಚ್ಚಿದರು. ನರ್ಸಮ್ಮನ ದನಿ ಕಾಲ್ಬೆರಳಿನಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಮೀನಖಂಡಕ್ಕೆ ನಿಧಾನವಾಗಿ ಏರಿತು. ಅಟ್ಟದಲ್ಲಿ ಆ ದನಿ, ಉಸಿರಾಟದ ಸದ್ದು ಮಾತ್ರ ಉಳಿಯಿತು.

ಅಷ್ಟರಲ್ಲಿ ಕಮ್ಮಾರನ ಕಂಬಳಿ ಜಾರಿ ಪಾದ ಬರಿದಾಯಿತು. ಕಿಟಕಿಯಿಂದ ಗಾಳಿ ಬಂತು. ನರ್ಸಮ್ಮ ಮಾತು ನಿಲ್ಲಿಸದೆ ಎದ್ದಳು, ಎದ್ದದ್ದು ಅವಳಿಗೇ ತಿಳಿಯಲಿಲ್ಲ. ವಾರ್ಡಿನಲ್ಲಿ ಮಾಡುತ್ತಿದ್ದಂತೆಯೇ ಅವನ ಪಾದ ಹಿಡಿದು ಎತ್ತಿ, ಅದರಡಿಗೆ ಕಂಬಳಿ ಸಿಕ್ಕಿಸಿದಳು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ದೊಡ್ಡಕ್ಕ “ಬೇಡ” ಎನ್ನುವಷ್ಟರಲ್ಲಿ ಕಮ್ಮಾರ ಎದ್ದಾಗಿತ್ತು. ಅವನ ಕಣ್ಣು ತೆರೆದಿತ್ತು, ಆದರೆ ಅದು ನರ್ಸಮ್ಮನನ್ನು ನೋಡುತ್ತಿರಲಿಲ್ಲ. ಮೊದಲ ಏಟಿಗೆ ಅವಳ ಹಲ್ಲು ಮುರಿಯಿತು. ಎರಡನೆಯದಕ್ಕೆ ಗೋಡೆಗೆ ಬಡಿದಳು. ಅವನು ಅವಳ ಜಡೆ ಕೈಗೆ ಸುತ್ತಿಕೊಂಡು ತಲೆಯನ್ನು ಹಲಗೆ ನೆಲಕ್ಕೆ ಕುಟ್ಟಿದ, ಕಾದ ಕಬ್ಬಿಣ ಕುಟ್ಟುವ ಹಾಗೆ, ಒಂದೇ ಹದದಲ್ಲಿ.

ಆಗಷ್ಟೇ ಹಿಮ್ಮಡಿಯನ್ನು ಗಮನಿಸುತ್ತಿದ್ದ ಜನ ಮೇಲೆದ್ದರು. ಡ್ರೈವರ್ ಕುರ್ಚಿ ಎತ್ತಿ ಅವನ ಬೆನ್ನಿಗೆ ಹೊಡೆದ. ಜಡೆ ಸಡಿಲವಾಯಿತು. ಅಲ್ಲಿಗೆ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಬಿದ್ದವನ ಬಲಗೈ ಮೇಲೆ ಡ್ರೈವರ್ ಕುರ್ಚಿಯ ಕಾಲನ್ನು ಮತ್ತೆ ಮತ್ತೆ ಇಳಿಸಿದ. ಉಳಿದವರು ಪಕ್ಕೆಗೆ ಒದ್ದರು. ದೊಡ್ಡಕ್ಕ ನಡುವೆ ನುಗ್ಗಿದಳು, ಕನ್ನಡಕ ಯಾರದೋ ಕಾಲಡಿಯಲ್ಲಿ ಪುಡಿಯಾಯಿತು.

“ಬಿಡಿ,” ಎಂದಳು ನರ್ಸಮ್ಮ. ಬಾಯಿ ತುಂಬ ರಕ್ತ, ಮಾತು ಯಾರಿಗೂ ಕೇಳಿಸಲಿಲ್ಲ. ತೆವಳಿಕೊಂಡು ಹೋಗಿ ಕಮ್ಮಾರನ ಮೇಲೆ ಅಡ್ಡ ಬಿದ್ದಳು. ಒಂದು ಒದೆ ಅವಳ ಪಕ್ಕೆಗೂ ಬಿತ್ತು. ಆಮೇಲೆ ಒದೆಯುವುದನ್ನು ನಿಲ್ಲಿಸಿದರು.

ನರ್ಸಮ್ಮ ಗಾಯ ಹೊಲಿಸಿಕೊಂಡು ಬಂದ ಮೇಲೆ ದೊಡ್ಡಕ್ಕ ಅವಳ ಪಕ್ಕದಲ್ಲಿ ಕೂತಳು. ಯಾಕೆ ಎಂದು ಅವಳು ಯಾವತ್ತೂ ಕೇಳುತ್ತಿರಲಿಲ್ಲ. “ಏನಾಯ್ತು ಹೇಳು,” ಎಂದಳು.

“ಅವನಿಗೆ ಚಳಿ ಅನ್ನಿಸ್ತು.”

“ಅವನು ಹೇಳಿದ್ನಾ?”

ನರ್ಸಮ್ಮ ತನ್ನ ಅಂಗೈ ನೋಡಿಕೊಂಡು ಹೇಳಿದಳು: “ನನ್ನ ಕೈಗೆ ಅನ್ನಿಸ್ತು.”

“ಗುಂಪು ಬೇರೆಯವರಿಗೆ ಕೊಡ್ಲಾ?”

“ಬೇಡ. ಅವನು ಬಂದ್ರೆ ನಾನೇ ಇರ್ಬೇಕು.”

“ಬರದೇ ಹೋದ್ರೆ?”

ಗುಂಪಿಗೆ ಬರುವುದು ಬಿಟ್ಟು ಕತ್ತಲೆಗೆ ಮರಳಿದವರನ್ನು ಇಬ್ಬರೂ ನೋಡಿದ್ದರು.

ಕೊಯ್ಲು ಮುಗಿಯುವ ಹೊತ್ತಿಗೆ ಅಟ್ಟದ ಬಾಗಿಲಲ್ಲಿ ಕಮ್ಮಾರ ಬಂದು ನಿಂತ. ಬಲಗೈಗೆ ಪಟ್ಟಿ, ಊರಿನ ಕುಡುಗೋಲುಗಳನ್ನು ಆ ಸಲ ಬೇರೆ ಊರಿನವನು ಹಣಿದು ಹರಿತ ಮಾಡಿದ್ದ.

“ಚಿಕ್ಕವನಿದ್ದಾಗ ನಾನು ನಿದ್ದೇಲಿದ್ರೆ ಅಪ್ಪ ಕಾಲು ಹಿಡಿದು ಎಳೀತಿದ್ದ,” ಎಂದ, ನೆಲ ನೋಡುತ್ತ. “ಇಕ್ಕಳದಲ್ಲಿ ಹೊಡೆಯೋಕೆ. ಗುಂಪಿಗೆ ಸೇರುವಾಗ ನೀವು ಹಳೇದನ್ನೆಲ್ಲ ಕೇಳಿದ್ರಲ್ಲ, ಆಗ ನಾನು ಹೇಳ್ಲಿಲ್ಲ.” ಕೆನ್ನೆ ಮುಂದೆ ಚಾಚಿದ. “ಹೊಡೀರಿ ಅಕ್ಕ. ತೀರಿಹೋಗ್ಲಿ. ಆಮೇಲೆ ಒಳಗೆ ಬರ್ತೀನಿ.”

ನರ್ಸಮ್ಮನ ನಾಲಿಗೆ ಹಲ್ಲಿಲ್ಲದ ಸಂದಿಗೆ ಹೋಯಿತು. ಅಂಗೈ ಬಿಸಿಯಾಯಿತು, ಬೆರಳು ತಾವಾಗಿ ಮಡಿಸಿಕೊಂಡವು, ಭುಜ ಎದ್ದಿತು. ಹೊಡೆಯಬೇಕೆನಿಸಿತು, ಅವನ ಹಲ್ಲೂ ಉದುರುವ ಹಾಗೆ. ಹಾಗನಿಸಿದ್ದನ್ನು ಅವಳು ನೋಡುತ್ತ ನಿಂತಳು. ಅದು ಬೇಗ ಹೋಗಲಿಲ್ಲ.

“ಕೈ ಕೇಳ್ತಿದೆ. ಕೊಡಲ್ಲ,” ಎಂದಳು.

“ಹಂಗಾದ್ರೆ ಬಾಕಿ ಹಂಗೇ ಉಳೀತದಲ್ಲ.”

“ಉಳೀಲಿ. ಕೇಳದೆ ಮುಟ್ಟಿದ ಬಾಕಿ ನಂದೂ ಇದೆ. ನಿನ್ನ ಚಾಪೆ ಬಾಗಿಲ ಹತ್ರ ಹಾಕಿದೀನಿ, ಬೇಕಾದಾಗ ಎದ್ದು ಹೋಗು.”

ಡ್ರೈವರ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಕಮ್ಮಾರ ತನ್ನ ಪಟ್ಟಿಯನ್ನೊಮ್ಮೆ, ಅವನ ಬೆನ್ನನ್ನೊಮ್ಮೆ ನೋಡಿ, ಮಲಗಿದ. ಕಣ್ಣು ಮುಚ್ಚಲಿಲ್ಲ.

ನರ್ಸಮ್ಮ ಕಾಲ್ಬೆರಳಿನಿಂದ ಶುರುಮಾಡಿದಳು. ಮಂಡಿಗೆ ಬರುವಷ್ಟರಲ್ಲಿ ಕಮ್ಮಾರನ ಕಂಬಳಿ ಜಾರಿತು. ಗಾಳಿ ಬೀಸಿತು. ಅವಳು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ಬರಿಗಾಲನ್ನು ನೋಡುತ್ತ, ಮಂಡಿಯ ಮಾತು ಮುಂದುವರಿಸಿದಳು.