ಎಣ್ಣೆ ಡಬ್ಬದ ಕರಿಬೇವು

ಡೊಂಬಿವಲಿಯ ಆ ಚಾಳಿನಲ್ಲಿ ಎರಡನೆಯ ಮಾಳಿಗೆಯ ಗ್ಯಾಲರಿ ಎಂದರೆ ಹರಿಣಾಕ್ಷಿಯ ತೋಟವೇ ಸರಿ. ಒಡೆದ ಬಕೆಟ್ಟಿನಲ್ಲಿ ಕೊತ್ತಂಬರಿ, ಹಾಲಿನ ಪುಡಿಯ ಡಬ್ಬಿಯಲ್ಲಿ ಪುದೀನ, ತುದಿಯಲ್ಲಿ ಹದಿನೈದು ಕಿಲೋ ಎಣ್ಣೆಯ ಡಬ್ಬದಲ್ಲಿ ಎದೆಮಟ್ಟದ ಕರಿಬೇವು. ಉಡುಪಿಯ ಕಡೆಯ ಹೆಂಗಸು, ಕೈಯಿಟ್ಟಲ್ಲಿ ಚಿಗುರುತ್ತಿತ್ತು.

ಪಕ್ಕದ ಖೋಲಿಯ ಮಹಾದೇವಕ್ಕನ ಒಗ್ಗರಣೆಗೆ ಎರಡು ವರ್ಷದಿಂದ ಅದೇ ಗಿಡದ ಎಸಳು. ಆಕೆಯೂ ಯಾರಿಗೂ ಹೇಳದೆ ಆ ಗಿಡಕ್ಕೆ ಒಂದು ಸೇವೆ ಮಾಡುತ್ತಿದ್ದಳು. ಲಿಂಗಪೂಜೆಯ ನೀರನ್ನು ಕಾಲು ತುಳಿಯುವಲ್ಲಿ ಚೆಲ್ಲುವಂತಿಲ್ಲ; ಚಾಳಿನಲ್ಲಿ ಕಾಲು ತುಳಿಯದ ಜಾಗವಾದರೂ ಎಲ್ಲಿದೆ? ನಸುಕಿನಲ್ಲೆದ್ದು ಆ ನೀರನ್ನು ಕರಿಬೇವಿನ ಬುಡಕ್ಕೆ ಎರೆದು ಕೈಮುಗಿಯುತ್ತಿದ್ದಳು. ಎಲೆ ದಿನದಿನಕ್ಕೆ ಮಿಂಚುವುದನ್ನು ಕಂಡು, ಊರು ಬಿಟ್ಟರೂ ಶಿವ ನನ್ನ ಬಿಟ್ಟಿಲ್ಲ ಎಂದುಕೊಳ್ಳುತ್ತಿದ್ದಳು.

ಅಂದು ಅವರ ಮನೆತನದ ಗುರುಗಳಾದ ಅಯ್ಯನವರು ಪ್ರಸಾದಕ್ಕೆ ಬರುವವರಿದ್ದರು. ಅವರಿಗೆ ತನ್ನ ಕೈಯಾರೆ ಉಣಬಡಿಸಬೇಕೆಂಬುದು ವಿಜಾಪುರ ಬಿಟ್ಟಂದಿನಿಂದ ಇದ್ದ ಆಸೆ. ಗಂಡ ಮುರುಗೆಪ್ಪ ಅವರನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದ. ಹೋಳಿಗೆಯಾಗಿತ್ತು, ಸಾರು ಕುದಿಯುತ್ತಿತ್ತು. ಕೋಸಂಬರಿಗೆಂದು ಇನ್ನೆರಡು ಎಸಳಿಗೆ ಮಹಾದೇವಕ್ಕ ಹೊರಬಂದಳು.

"ಮತ್ತೆ ಬೇವಾ ಅಕ್ಕಾ? ನಿಮ್ಮ ಸ್ವಾಮಿ ಇಡೀ ಗಿಡ ತಿಂತಾರಾ ಎಂತ?" ಹರಿಣಾಕ್ಷಿ ನಕ್ಕಳು. ಅವಳ ಕೈಯ ಬೋಗುಣಿಯಿಂದ ಕೆಂಪಗೆ ಕಲಕಿದ ನೀರು ಗಿಡದ ಬುಡಕ್ಕೆ ಬೀಳುತ್ತಿತ್ತು. ಮಣ್ಣಿನ ಮೇಲೆ ನಾಲ್ಕು ಹುರುಪೆ ಹೊಳೆದವು.

"ಏನದು ತಂಗಿ?"

"ಬಂಗುಡೆ ಮೀನು ತೊಳೆದ ನೀರು. ಇದು ಹಾಕಿದ್ರೆ ಬೇವು ಸೊಕ್ಕಿ ಬರ್ತದೆ. ನಮ್ಮೂರಲ್ಲಿ ಎಲ್ಲರೂ ಹಾಕುದೇ."

"ಯಾವಾಗಿಂದ ಹಾಕಾಕತ್ತೀ?"

"ನೆಟ್ಟಾಗಿನಿಂದ. ದಿನಾ ಮಧ್ಯಾಹ್ನ ನೀವು ಮಲಗಿರ್ತೀರಿ. ಇವತ್ತು ಮೀನಿನವಳು ಬೇಗ ಬಂದಳು."

ಮಹಾದೇವಕ್ಕ ಬೆಚ್ಚಿ, ಎಸಳಿಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಎರಡು ವರ್ಷ ಉಂಡದ್ದು ಇದೇ ಎಸಳು. "ಎಂಥಾ ಕೆಲಸ ಮಾಡೀದಿಯವ್ವಾ! ಅದರ ಬುಡಕ್ಕ ನಾ ದಿನಾ ಲಿಂಗದ ನೀರು ಹಾಕ್ತೀನಲ್ಲ!"

ಹರಿಣಾಕ್ಷಿಯ ಕೈಯ ಬೋಗುಣಿ ಜಾರಿ ಠಣಾರೆಂದಿತು. "ದೇವರ ನೀರಾ? ಅದರ ಮೇಲೆ ನಾನು ಮೀನಿಂದು... ಅಯ್ಯೋ, ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?"

"ನೀ ಹೇಳಬಾರದಿತ್ತೇನು?"

ಹರಿಣಾಕ್ಷಿ ಒಳಗೋಡಿ ಅಗಳಿ ಹಾಕಿಕೊಂಡಳು. ಅಷ್ಟರಲ್ಲಿ ಮೆಟ್ಟಿಲಲ್ಲಿ ಮುರುಗೆಪ್ಪನ ದನಿ ಕೇಳಿಸಿತು.

ಮತ್ತೆ ಅಡುಗೆ ಮಾಡಲು ಹೊತ್ತಿಲ್ಲ. ಬಾಯಿ ಮುಚ್ಚಿಕೊಂಡರೆ ತಿಳಿಯುವವರೂ ಇಲ್ಲ. ಅಯ್ಯನವರ ಪಾದ ತೊಳೆದಾಯಿತು, ಎಲೆ ಹಾಸಿದ್ದಾಯಿತು. ಸೌಟು ಹಿಡಿದ ಕೈ ಮಾತ್ರ ಮುಂದಕ್ಕೆ ಹೋಗಲಿಲ್ಲ.

"ಅಯ್ಯನವರ, ತಪ್ಪಾಗೇತ್ರಿ," ಎಂದು ಮಹಾದೇವಕ್ಕ ಎಲ್ಲವನ್ನೂ ಹೇಳಿಬಿಟ್ಟಳು.

ಅಯ್ಯನವರು ಮುಂದಿದ್ದ ಬರಿಯ ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಒಂದು ಬಟ್ಟಲ ಹಾಲು ಕೊಡವ್ವ. ಸಾಕು."

ಹಾಲು ಕುಡಿದು, ಆಕೆಯ ಹಣೆಗೆ ವಿಭೂತಿ ಹಚ್ಚಿ ಹೊರಟರು. ಮುರುಗೆಪ್ಪ ಹಿಂದೆಯೇ ಹೋದ, ಹೆಂಡತಿಯ ಕಡೆ ತಿರುಗಿ ನೋಡಲಿಲ್ಲ.

ಮಹಾದೇವಕ್ಕ ಸಾರಿನ ಪಾತ್ರೆಯನ್ನು ಮೋರಿಗೆ ಸುರಿಯಲು ಎತ್ತಿದಳು. ಗೋಡೆಯಾಚೆ ಹರಿಣಾಕ್ಷಿ ಬಿಕ್ಕುವುದು ಕೇಳಿಸಿತು. ಪಾತ್ರೆಯನ್ನು ಅಲ್ಲೇ ಕುಕ್ಕಿ ಕೂತಳು. ಬಳಿಕ ತಟ್ಟೆಗೆ ಅನ್ನ ಹಾಕಿಕೊಂಡು, ಸಾರು ಬಿಟ್ಟುಕೊಂಡು ಒಂದು ತುತ್ತು ಬಾಯಿಗಿಟ್ಟಳು. ಎಲೆಯೊಂದು ನಾಲಿಗೆಗೆ ತಾಗಿತು.

ರುಚಿ ನಿನ್ನೆಯದೇ ಇತ್ತು. ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಅದಕ್ಕೇ ಆಕೆ ಮತ್ತೊಮ್ಮೆ ಬೆಚ್ಚಿದಳು, ನುಂಗಿದಳು, ಎರಡನೆಯ ತುತ್ತು ಕಲಸತೊಡಗಿದಳು.