ಅವರ ಕೂಸು, ಇವರ ಬಾಣಂತನ

ಚೀನಾ ಕಡುನೀಲಿ, ಅಮೆರಿಕ ಕಡುನೀಲಿ, ಇನ್ನೊಂದಿಷ್ಟು ದೇಶ ತಿಳಿನೀಲಿ — ಪರದೆಯ ಮೇಲಿನ ಭೂಪಟದಲ್ಲಿ ಸವಿತಾ ತನ್ನ ತವರೂರು ಗುಡೂರನ್ನು ಹುಡುಕಿದಳು, ಹುಚ್ಚಿ, ಅಲ್ಲಿ ಗುಡೂರು ಯಾಕೆ ಬರುತ್ತದೆ, ಹುಟ್ಟಿನಿಂದಲೇ ಕಿಡ್ನಿಯ ನಾಳ ಕಟ್ಟಿಕೊಂಡ ಕೂಸುಗಳ ಮೇಲೆ ಯಾವ ದೇಶ ಎಷ್ಟು ಸಂಶೋಧನೆ ಮಾಡಿದೆ ಎಂಬ ನಕ್ಷೆಯಂತೆ ಅದು, ಭಾಷಣ ಮುಗಿಸಿ ನೋಡ್ತೇನ್ರಿ, ಸ್ಕ್ಯಾನಿನ ಫಿಲ್ಮ್ ಬರೂತನಾ ಹಿಂದ ಕುಂದರ್ರಿ ಅಂದಿದ್ದರು ಮುಬಶೀರಾ ಡಾಕ್ಟರು, ಅದಕ್ಕೇ ವಿದ್ಯಾಗಿರಿ ಆಸ್ಪತ್ರೆಯ ಈ ತಣ್ಣನೆಯ ಸಭಾಂಗಣದಲ್ಲಿ ಕೊನೆಯ ಕುರ್ಚಿ, ತೊಡೆಯ ಮೇಲೆ ಒಂದೂವರೆ ವರ್ಷದ ಮಗ ಬೀರೇಶ, ಮೈ ಇನ್ನೂ ಬಿಸಿ, ಎಡಗಡೆಯ ಕಿಡ್ನಿ ಉಳಿಯುತ್ತದೋ ಇಲ್ಲವೋ ಇವತ್ತು ಗೊತ್ತಾಗುತ್ತದೆ — ಈಚೆಗೆ ಎಲ್ಲ ಕಡೆ ಒಲವು ಕಾದು ನೋಡುವುದರತ್ತ, ಡಾಕ್ಟರು ಹೇಳುತ್ತಿದ್ದಾರೆ, ಕೂಡಲೇ ಕೊಯ್ಯುವುದಿಲ್ಲ, ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಾ ಕಾಯುತ್ತಾರೆ — ನಾವೂ ಕಾದೆವಲ್ಲ, ಹುಟ್ಟಿದ ಮೇಲೆ ಸ್ಕ್ಯಾನ್ ಒಂದಿಲ್ಲದೆ ಕಾದೆವು, ಗಂಡನ ಮನೆ ಇಳಕಲ್ಲಿನಲ್ಲಿ ಬಸುರಿದ್ದಾಗಲೇ ಅಲ್ಲಿಯ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದ್ದರು, ಎಡಗಡಿ ಕಿಡ್ನಿ ಉಬ್ಬೈತಿ, ಹುಟ್ಟಿದ ಮ್ಯಾಲ ತಪ್ಪದ ತೋರಸ್ರಿ, ಅತ್ತೆ ಸತ್ಯವ್ವ ಕೇಳಿಸಿಕೊಂಡಿದ್ದಳು, ಗಂಡ ಆನಂದ ಕೇಳಿಸಿಕೊಂಡಿದ್ದ, ಚೊಚ್ಚಲ ಹೆರಿಗೆಗೆ ತವರು ಗುಡೂರು, ಅವ್ವ ರಂಗವ್ವ ಎಣ್ಣೆ ಹಚ್ಚಿ ಎರೆಯುತ್ತಿದ್ದಳು, ಕೂಸಿನ್ನ ತೋರಸೂಣಬೇ ಅಂದರೆ, ಅವರ ಕೂಸವ್ವಾ, ಬೀಗರನ್ನ ಕೇಳದ ನಾವು ಹೆಂಗ ದವಾಖಾನಿಗೆ ಒಯ್ಯೂದು, ಅತ್ತೆಗೆ ಫೋನು ಮಾಡಿದರೆ, ಬಾಣಂತನ ಅವರದು, ನಾವು ನಡುವ ಬಾಯಿ ಹಾಕಿದ್ರ ನಿಮ್ಮವ್ವ ಬ್ಯಾಸರ ಮಾಡ್ಕೋತಾಳ, ಎಂಥ ಮರ್ಯಾದಸ್ಥರು ಎರಡೂ ಮನೆಯವರು, ನೀವು ಮೊದಲು ನೀವು ಮೊದಲು ಅನ್ನುತ್ತಾ ಬಾಗಿಲಲ್ಲೇ ನಿಂತರು, ಒಳಗೆ ಕೂಸಿನ ಕಿಡ್ನಿ ಹಾಳಾಗುತ್ತಾ ಹೋಯಿತು, ತಾನಾದರೂ ಏನು ಮಾಡಿದಳು, ಇಬ್ಬರ ಮನಸ್ಸೂ ನೋಯಬಾರದೆಂದು ಕಿವಿಗೆ ಅರಿವೆ ಕಟ್ಟಿಕೊಂಡು ಕೂತಿದ್ದಳು, ಸುಟ್ಟುಹೋಗಲಿ ಆ ಮನಸ್ಸುಗಳು, ಇಳಕಲ್ಲಿಗೆ ಬಂದ ಮೇಲೆ, ಇಷ್ಟು ದುಂಡಗಿರೋ ಕೂಸಿಗೆ ಏನ್ ರೋಗವಾ ಅಂದರು, ಜ್ವರದ ಮೇಲೆ ಜ್ವರ ಬಂದಾಗ ಹಲ್ಲು ಬರಾಕತ್ತಾವ ಅಂದರು.

ಚಪ್ಪಾಳೆ, ದೀಪ ಹತ್ತಿದವು, ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು, ಬಲಗಡೆಯ ಕಿಡ್ನಿ ಹೊಳೆಯುವ ಒಂದು ಕೆಂಡ, ಎಡಗಡೆ ಬರೀ ಕಪ್ಪು, ಈ ಎಡಗಡೀದು ಕೆಲಸ ಪೂರಾ ನಿಂತೈತ್ರಿ, ತಗೀಬೇಕಾಗ್ತೈತಿ, ಹುಟ್ಟಿದ ಹೊಸದಾಗಿ ತಂದಿದ್ರ ಉಳೀತಿತ್ತು — ಫೋನಿನಲ್ಲಿ ಆನಂದನಿಗೆ ಹೇಳಿದಳು, ಅವನು ಪಕ್ಕದಲ್ಲಿದ್ದ ತನ್ನ ಅವ್ವನಿಗೆ ಹೇಳಿದ, ಬಲಗಡೆ ಕೆಂಡ, ಎಡಗಡೆ ಕಪ್ಪು, ಆಮೇಲೆ ಅಂದ, ಅವ್ವ ಕೇಳಾಕತ್ತಾಳ, ಆಪರೇಷನ್ ಮಾಡಸೂದು ನಿಮ್ಮ ಕಡೆಯವರೋ ನಮ್ಮ ಕಡೆಯವರೋ, ನಿಮ್ಮವ್ವನ್ನ ಒಂದು ಮಾತು ಕೇಳು — ನಾ ಯಾರನ್ನೂ ಕೇಳೂದಿಲ್ಲ, ನಾನೇ ಸಹಿ ಹಾಕ್ತೇನಿ, ಅಂದಳು, ಎಷ್ಟು ಸಲೀಸಾಗಿ ಬಂತು ಮಾತು, ಗುಡೂರಿನಲ್ಲಿ ಆಗಲೇ ಇದೊಂದು ಮಾತು ಬಾಯಿಂದ ಬಿದ್ದಿದ್ದರೆ — ಬಲಗಡೆ ಕೆಂಡ, ಎಡಗಡೆ ಕಪ್ಪು, ಎಡಗಡೆ ಕಪ್ಪು, ಎಡಗಡೆ —